ಮಾದಪ್ಪನವರ ಸೀಟಿ

ಮಳವಳ್ಳಿಯ ಖಾಸಗಿ ಬಸ್ ಕಂಪನಿಯೊಂದರಲ್ಲಿ ನನಗೆ ಒಪ್ಪಿಸಿದ್ದ ಕೆಲಸ, ಜೊತೆಯಲ್ಲಿ ದುಡಿಯುವವರು ಒಬ್ಬರನ್ನೊಬ್ಬರು ಮೆಚ್ಚಿ ನಾಲ್ಕು ಮಾತು ಬರೆಯುವಂತೆ ಮಾಡುವುದು. ಎಲ್ಲರಿಗೂ ಚೀಟಿ ಹಂಚಿದೆ. ಹಲಗೂರು ಬಸ್ಸಿನ ಡ್ರೈವರ್ ಸಿದ್ದಣ್ಣ ಖಾಲಿ ಚೀಟಿಯನ್ನೇ ವಾಪಸು ಕೊಟ್ಟರು. ಅವರ ಕಂಡಕ್ಟರ್ ಮಾದಪ್ಪನವರಿಗೆ ಅಂದೇ ಕೆಲಸದ ಕೊನೆಯ ದಿನ. ಪಕ್ಕದಲ್ಲೇ ಕೂತಿದ್ದರು. ನನಗೆ ಸಿಟ್ಟು ಬಂತು.

"ಬಾಯಲ್ಲಾದರೂ ಒಂದು ಮಾತು ಹೇಳಿ," ಎಂದೆ.

"ಏನೇಳದು ಸಾ? ಇವ್ನು ಇಂದೆ ನಿಂತ್ಕಂಡು ಸೀಟಿ ಊದುದ್ರೆ, ನಾನು ಕನ್ನಡಿನೂ ನೋಡ್ದೆ ಬಸ್ಸು ಇಂದಕ್ಕೆ ತಗೀತೀನಿ. ಇಪ್ಪತ್ತು ವರ್ಸದಿಂದ್ಲೂ ಅಂಗೇಯ."

ಅಲ್ಲಿದ್ದ ಡ್ರೈವರುಗಳೆಲ್ಲ ತಲೆ ತಗ್ಗಿಸಿದರು. ಮಾದಪ್ಪ ಟವೆಲಿನಲ್ಲಿ ಮುಖ ಒರೆಸಿಕೊಂಡು, "ನಾಳಿಂದ ಕನ್ನಡಿ ನೋಡ್ಕಂಡೇ ತಗಿ ಕಣ್ಲಾ," ಎಂದರು.

ಕನ್ನಡಿ ನೋಡದೆ ಬಸ್ಸು ಹಿಂದಕ್ಕೆ ತೆಗೆಯುವುದು ತಪ್ಪು, ಗೊತ್ತಾದರೆ ಕೆಲಸಕ್ಕೇ ಕುತ್ತು. ಅದಕ್ಕೇ ಮಾಲೀಕರಿಗೆ ಕೊಟ್ಟ ವರದಿಯಲ್ಲಿ, ಸಿದ್ದಣ್ಣ ಏನೂ ಹೇಳಲಿಲ್ಲ ಎಂದು ಬರೆದೆ.