ಜವರಯ್ಯ ನೋಡಲು ಕಲಿತದ್ದು

ಹೆಂಡತಿ ಸೋಮಮ್ಮ ಸತ್ತಾಗ ಸಿಂಧಘಟ್ಟದ ಜವರಯ್ಯ ಅಳಲಿಲ್ಲ. ನಾಲ್ಕನೇ ದಿನಕ್ಕೆ ಎದ್ದು ಗದ್ದೆಗೆ ನೀರು ಕಟ್ಟಲು ಹೋದ. ಊರವರು ಕಲ್ಲೆದೆಯವನು ಎಂದರು. ಕಲ್ಲೂ ಇಲ್ಲ, ಮಣ್ಣೂ ಇಲ್ಲ. ಒಳಗೆ ಏನೂ ಇರಲಿಲ್ಲ, ಅಷ್ಟೇ. ಬಡಿಸಿದರೆ ಉಣ್ಣುತ್ತಿದ್ದ, ಹಾಸಿದರೆ ಮಲಗುತ್ತಿದ್ದ.

ಒಂದು ವಿಷಯ ಮಾತ್ರ ಕೊರೆಯುತ್ತಿತ್ತು. ಸೋಮಮ್ಮನದು ಒಂದೂ ಫೋಟೊ ಇರಲಿಲ್ಲ. ತೊಂಬತ್ತೈದರಲ್ಲಿ ಓಟಿನ ಗುರುತಿನ ಚೀಟಿಗೆ ಫೋಟೊ ತೆಗೆಯುವವರು ಬಂದ ದಿನ ಗದ್ದೆಯಲ್ಲಿ ನಾಟಿ. "ಓಟು ಎಲ್ಲೋಯ್ತದೆ? ಮೊದ್ಲು ನಾಟಿ ಮುಗ್ಸು" ಎಂದವನು ಇವನೇ. ಅವಳು ಕೆಸರು ತೊಳೆದುಕೊಂಡು ಓಡುವಷ್ಟರಲ್ಲಿ ಅವರು ಗಂಟುಮೂಟೆ ಕಟ್ಟಿದ್ದರು. ಆ ವರ್ಷವೇ ಅವಳು ಜ್ವರದಲ್ಲಿ ಹೋದಳು. ಪಿತೃಪಕ್ಷಕ್ಕೆ ಎಲ್ಲರೂ ಸತ್ತವರ ಫೋಟೊದ ಮುಂದೆ ಎಡೆ ಇಟ್ಟರೆ, ಇವನ ಮನೆಯಲ್ಲಿ ಬರೀ ಕಳಶ, ಅವಳ ಸೀರೆ. ಮುಂದಿನ ಹಬ್ಬದೊಳಗೆ ಅವಳ ಮುಖ ತಾನೇ ಬರೆಯುವುದೆಂದು ತೀರ್ಮಾನಿಸಿದ. ಐವತ್ತೆರಡನೇ ವಯಸ್ಸಿಗೆ ಇದೆಂಥ ಹುಚ್ಚು ಎನ್ನಬೇಡಿ. ಅವನಿಗೆ ಬೇಕಾದ್ದು ಅದೊಂದೇ.

ಊರಲ್ಲೇ ಇದ್ದ ನಿವೃತ್ತ ಡ್ರಾಯಿಂಗ್ ಮೇಷ್ಟ್ರು ಮರಿಯಯ್ಯನವರು ಪೆನ್ಸಿಲ್ ಕೊಟ್ಟು, ಅವನ ಮನೆಯ ಎಮ್ಮೆಯನ್ನೇ ಬರೆಯಲು ಹೇಳಿದರು. ಬರೆದ. ಅವರಿಗೆ ನಗು ತಡೆಯಲಿಲ್ಲ.

"ಎಮ್ಮೆ ಕಿವಿ ಕೊಂಬಿನ್ ಮ್ಯಾಲಿರ್ತದೇನಯ್ಯ? ಎಂಟು ವರ್ಸದಿಂದ ಆಲು ಕರೀತಿದೀಯ!"

"ನಾನು ಕೆಚ್ಚಲು ನೋಡ್ಕಂಡು ಕರೀತೀನಿ, ಮೇಷ್ಟ್ರೇ."

"ಅದುಕ್ಕೇ ಯೋಳಾದು. ಕೈ ಆಮ್ಯಾಲೆ, ಮೊದ್ಲು ಕಣ್ಣು. ತಿಳ್ದಿರಾದ ಬರೀಬ್ಯಾಡ, ಕಂಡಿದ್ದ ಬರಿ."

ತಿಂಗಳುಗಟ್ಟಲೆ ಅದೇ ಪಾಠ. ಒಂದು ಚೊಂಬನ್ನು ಅರ್ಧ ಗಂಟೆ ನೋಡಬೇಕು, ಆಮೇಲೆ ಕಣ್ಣು ಮುಚ್ಚಿ ಎಲ್ಲಿ ನಗ್ಗಿದೆ, ಎಲ್ಲಿ ಹೊಳೆಯುತ್ತದೆ ಎಂದು ಹೇಳಬೇಕು. ಚೊಂಬಾಯಿತು, ಹುಣಸೆ ಎಲೆಯಾಯಿತು, ಮೇಷ್ಟ್ರ ಹರಕು ಚಪ್ಪಲಿಯೂ ಆಯಿತು. ಬೇಸಿಗೆ ಕಳೆಯುವಷ್ಟರಲ್ಲಿ ಅವನು ಬರೆದ ಎಮ್ಮೆಯನ್ನು ನೋಡಿ ಪಕ್ಕದ ಮನೆಯವರು ಇದು ನಿಂದೇ ಎನ್ನುವಂತಾಯಿತು.

ಹಬ್ಬಕ್ಕೆ ವಾರವಿರುವಾಗ ಸೋಮಮ್ಮನನ್ನು ಬರೆಯಲು ಕೂತ. ಮುಖದ ಸುತ್ತುಗೆರೆ ಬಂತು. ಮುಂದೆ ಪೆನ್ಸಿಲ್ ಓಡಲಿಲ್ಲ. ಹುಬ್ಬು ಹೇಗಿತ್ತು? ಗಲ್ಲದ ಮಚ್ಚೆ ಎಡಕ್ಕೋ, ಬಲಕ್ಕೋ? ಮೂವತ್ತು ವರ್ಷ ದಾರಿಯಲ್ಲಿ ಇವನು ಮುಂದೆ, ಅವಳು ಹಿಂದೆ. ಮನೆಯಲ್ಲಿ ಇವನು ತಟ್ಟೆಗೆ ತಲೆ ಬಗ್ಗಿಸಿ ಉಂಡ, ಅವಳು ನಿಂತು ಬಡಿಸಿದಳು. ಹಿರಿಯರ ಮುಂದೆ ಹೆಂಡತಿಯ ಮುಖ ನೋಡುವ ಪದ್ಧತಿ ಇರಲಿಲ್ಲ. ಹಿರಿಯರು ಸತ್ತ ಮೇಲೂ ಇವನಿಗೆ ನೋಡಬೇಕೆನಿಸಲಿಲ್ಲ. ಆರು ಹಾಳೆ ಹರಿದ. ಏಳನೆಯದರಲ್ಲಿ ತಾನು ಕಂಡಿದ್ದನ್ನು ಬರೆದ.

ಹಬ್ಬಕ್ಕೆ ಕಿರಂಗೂರಿನಿಂದ ಮಗಳು ಚಲುವಮ್ಮ ಬಂದಳು. ಜವರಯ್ಯ ಹಾಳೆ ಕೊಟ್ಟ. ಅದರಲ್ಲಿ ತಟ್ಟೆಗೆ ಮುದ್ದೆ ಇಡುತ್ತಿರುವ ಎರಡು ಕೈ: ಸೊಟ್ಟ ಕಿರುಬೆರಳು, ಹೆಬ್ಬೆರಳ ಬುಡದಲ್ಲಿ ಸುಟ್ಟ ಕಲೆ.

"ಮೊಕ ಎಲ್ಲಪ್ಪಾ?"

"ನಾನು ನೋಡಿರಾದು ಇಷ್ಟೇ ಕಣವ್ವ."

ಅವಳು ಆ ಕಲೆಯ ಮೇಲೆ ಬೆರಳಿಟ್ಟು "ಅವ್ವಾ" ಎಂದಳು. ಜವರಯ್ಯ ಮಗಳ ಮುಖವನ್ನೇ ನೋಡುತ್ತ ನಿಂತ. ಅಳು ಮೊದಲು ಬರುವುದು ಕಣ್ಣಿಗಲ್ಲ, ಕೆಳದುಟಿಗೆ ಎಂಬುದು ಅವನಿಗೆ ಸ್ಪಷ್ಟವಾಗಿ ಕಂಡಿತು. ಅವನಿಗೆ ಮಾತ್ರ ಅಳು ಬರಲಿಲ್ಲ.