ವಾರಿಜಕ್ಕನ ಗಾಯದ ಪುಸ್ತಕ

ಉಡುಪಿ ಸೀಮೆಯ ತುರ್ತು ಚಿಕಿತ್ಸೆಯ ಮಾತು ಬಂದಾಗ ದೊಡ್ಡ ದೊಡ್ಡ ಡಾಕ್ಟರರ ಹೆಸರುಗಳು ಸಾಲಾಗಿ ಬರುತ್ತವೆ, ಬರಲಿ, ಸಂತೋಷ. ಆದರೆ ಗಾಯವನ್ನು ಓದುವುದು ಹೇಗೆಂದು ಆ ಡಾಕ್ಟರರಿಗೇ ಕಲಿಸಿದವರು, ಮಣಿಪಾಲದ ಆಸ್ಪತ್ರೆಯೊಂದರ ತುರ್ತು ವಿಭಾಗದಲ್ಲಿ ಮೂವತ್ತನಾಲ್ಕು ವರ್ಷ ದಾದಿಯಾಗಿ ದುಡಿದು ಈಗ ನಿವೃತ್ತರಾಗುತ್ತಿರುವ ಶ್ರೀಮತಿ ವಾರಿಜಾ ಅವರು. ಇದನ್ನು ಎದೆ ತಟ್ಟಿ ಹೇಳುವವರು ಇಂದು ಅದೇ ವಿಭಾಗದ ಮುಖ್ಯಸ್ಥೆಯಾಗಿರುವ ಡಾ. ಚೈತನ್ಯಾ.

ಇಪ್ಪತ್ತು ವರ್ಷಗಳ ಹಿಂದೆ, ಹೊಸದಾಗಿ ಸೇರಿದ ಚೈತನ್ಯಾರಿಗೆ ಈ ವಾರಿಜಕ್ಕನನ್ನು ಕಂಡರೆ ಒಳಗೊಳಗೇ ಸಿಡಿಮಿಡಿ. ಹೊಲಿಗೆ ಮುಗಿದರೂ 'ಎಲ್ಲಿ ಆಯಿತು, ಹೇಗೆ ಆಯಿತು' ಎಂಬ ಅಕ್ಕನ ಪ್ರಶ್ನೆ ಮುಗಿಯುತ್ತಿರಲಿಲ್ಲ. ಆಸ್ಪತ್ರೆಯ ರಿಜಿಸ್ಟರಿನಲ್ಲಿ ಮನೆಯ ವಿಳಾಸಕ್ಕೆ ಜಾಗವಿತ್ತು, ಗಾಯವಾದ ಸ್ಥಳಕ್ಕೆ ಇರಲಿಲ್ಲ. ಅದಕ್ಕೆಂದೇ ಅಕ್ಕ ತಮ್ಮದೇ ಒಂದು ಉದ್ದನೆಯ ಪುಸ್ತಕ ಇಟ್ಟುಕೊಂಡಿದ್ದರು. ಕಾಪುವಿನ ಹೆದ್ದಾರಿಯಲ್ಲಿ ಬಿದ್ದ ಸ್ಕೂಟರಿನವರ ಮೊಣಕಾಲು, ಕಾರ್ಕಳದ ಕಲ್ಲುಕೋರೆಯವರ ಕಣ್ಣು, ಎಲ್ಲವೂ ಅದರಲ್ಲಿದ್ದವು. ಅಕ್ಕ ಒಮ್ಮೆ ಅದನ್ನು ತೋರಿಸಲು ಬಂದಾಗ, "ಆಮೇಲೆ ನೋಡುವಾ" ಎಂದು ಚೈತನ್ಯಾ ಕಳುಹಿಸಿಬಿಟ್ಟಿದ್ದರು.

ಅದಾಗಿ ವಾರಕ್ಕೇ ಬಂದವರು ರೇವಪ್ಪ. ಬಾಗಲಕೋಟೆ ಕಡೆಯವರು, ಅಂಬಲಪಾಡಿಯಲ್ಲಿ ಬಾಡಿಗೆಗಿದ್ದವರು. ಎಡಗೈಯ ಮೂರು ಬೆರಳುಗಳ ತುದಿ ಹೋಗಿತ್ತು. "ಬಚ್ಚಲದಾಗ ಜಾರಿ ಬಿದ್ದೆ ರೀ" ಎಂದರು. ಚೈತನ್ಯಾ ಹಾಗೆಯೇ ಬರೆದು ಸಹಿ ಹಾಕಿದರು.

ಅಕ್ಕ ಆ ಕೈಯನ್ನು ಮೆಲ್ಲಗೆ ತಿರುಗಿಸಿ ನೋಡಿದರು. "ಎಂತ ಮಾರಾಯ್ರೆ, ಬಚ್ಚಲಿನಲ್ಲಿ ಬಿದ್ದರೆ ಬೆರಳು ಹೀಗೆ ಓರೆಯಾಗಿ ತುಂಡಾಗುತ್ತದಾ? ಮಲ್ಪೆ ಬಂದರಿನ ಐಸ್ ಪುಡಿ ಮಾಡುವ ಯಂತ್ರ ಅಲ್ವಾ? ನಾಳೆ ನಿಮ್ಮ ಜಾಗದಲ್ಲಿ ಯಾರು ನಿಲ್ಲುವುದು?"

ರೇವಪ್ಪನವರ ಕಣ್ಣು ತುಂಬಿತು. "ನಮ್ಮಾಕಿ ರೀ, ನನ್ನ ಹೇಣ್ತಿ ಮರೆಮ್ಮ. ಖರೇ ಹೇಳಿದ್ರ ಇಬ್ಬರ ಕೆಲಸಾನೂ ಹೋಗ್ತೈತಿ ಅಂತ ಮಾಲಕ್ರು ಅಂದಾರ್ರೀ."

ಅಕ್ಕ ಪುಸ್ತಕ ತೆರೆದಿಟ್ಟರು. ಎರಡು ತಿಂಗಳಲ್ಲಿ ಅದೇ ಓರೆ ಗಾಯದ ಇನ್ನೂ ಮೂರು ಕೈಗಳು. ರಿಜಿಸ್ಟರಿನ ವಿಳಾಸದಲ್ಲಿ ಒಂದು ಕಾಪುವಿನದು, ಒಂದು ಕಾರ್ಕಳದ್ದು, ಒಂದು ಉಡುಪಿಯದು. ಅಕ್ಕನ ಪುಸ್ತಕದಲ್ಲಿ ಮೂರೂ ಒಂದೇ ಯಂತ್ರದ್ದು. ಅಯ್ಯೋ, ಅಕ್ಕ ತೋರಿಸಲು ಬಂದ ದಿನವೇ ನೋಡಿದ್ದರೆ ಈ ಮೂರು ಬೆರಳು ಉಳಿಯುತ್ತಿದ್ದವಲ್ಲ ಎಂದುಕೊಂಡರು ಚೈತನ್ಯಾ. ಬರೆದದ್ದನ್ನು ಹೊಡೆದು ಹಾಕಿ ನಿಜ ಬರೆದರು, ಕಾರ್ಮಿಕ ಇಲಾಖೆಗೆ ಅಂದೇ ದೂರು ಕಳುಹಿಸಿದರು. ಅಕ್ಕನೋ, ಮರುದಿನ ಬೆಳಿಗ್ಗೆ ರಜೆ ಹಾಕಿ ಮಲ್ಪೆಯ ಬಸ್ಸು ಹತ್ತಿದರು. ಅಧಿಕಾರಿಗಳು ಬಂದು ಯಂತ್ರ ನಿಲ್ಲಿಸುವವರೆಗೆ ಮರೆಮ್ಮನ ಕೈ ಹಿಡಿದು ನಿಂತವರು ಕದಲಲಿಲ್ಲ. ಯಂತ್ರದ ಬಾಯಿಗೆ ಕಬ್ಬಿಣದ ಜಾಲರಿ ಕೂತ ಮೇಲೆಯೇ ಅದು ಮತ್ತೆ ತಿರುಗಿದ್ದು.

ಈಗ ವಿಭಾಗದ ರಿಜಿಸ್ಟರಿನಲ್ಲಿ 'ಗಾಯವಾದ ಸ್ಥಳ' ಎಂಬ ಕಾಲಮ್ಮು ಉಂಟು. ಹೊಸ ಡಾಕ್ಟರರು ಅದನ್ನು ಖಾಲಿ ಬಿಟ್ಟರೆ ಚೈತನ್ಯಾರಿಂದ ಬೈಗುಳವೂ ಉಂಟು.

ಮೊನ್ನೆಯ ಬೀಳ್ಕೊಡುಗೆಗೆ ಮರೆಮ್ಮ ಶಂಕರಪುರ ಮಲ್ಲಿಗೆ ತಂದಿದ್ದರು. "ಕುಂದರ್‍ರಿ ಅಕ್ಕಾರ, ನಾನ ಮುಡಸ್ತೀನಿ" ಎಂದು ಅಕ್ಕನ ಬೆನ್ನ ಹಿಂದೆ ನಿಂತರು. ಎಲ್ಲರೂ ಹೂವು ನೋಡುತ್ತಿದ್ದಾಗ ಚೈತನ್ಯಾ ಮಾತ್ರ ಮರೆಮ್ಮನ ಬೆರಳುಗಳನ್ನು ಎಣಿಸುತ್ತಿದ್ದರು. ಹತ್ತೂ ಇದ್ದವು. ಆ ಹತ್ತು ಬೆರಳುಗಳು ಇನ್ನೂ ಬಹುಕಾಲ ವಾರಿಜಕ್ಕನಿಗೆ ಹೂ ಮುಡಿಸುತ್ತಿರಲಿ; ಅಷ್ಟೂ ಕಾಲ ಅಕ್ಕ ಆರೋಗ್ಯದಿಂದಿದ್ದು, ತಮ್ಮ ಪುಸ್ತಕ ಹಿಡಿದು ನಮ್ಮನ್ನು ಪ್ರಶ್ನೆ ಕೇಳುತ್ತಲೇ ಇರಲಿ.