ಸೈಕಲ್ ಟ್ಯೂಬಿನ ಗಾಯಕ

ನನ್ನ ಸಂಗೀತದ ರುಚಿಯನ್ನು ರೂಪಿಸಿದ್ದು ಎರಡು ರಾಕ್ ಆಲ್ಬಮ್‌ಗಳು ಮತ್ತು ಒಂದು ಸೈಕಲ್ ಟ್ಯೂಬು. ಆಲ್ಬಮ್‌ಗಳ ವಿಷಯ ಎತ್ತಿದರೆ ಜನ ಗೌರವದಿಂದ ತಲೆಯಾಡಿಸುತ್ತಾರೆ. ಟ್ಯೂಬಿನ ವಿಷಯ ಎತ್ತಿದರೆ ಚಹಾಕ್ಕೆ ಸಕ್ಕರೆ ಸಾಕೇ ಎಂದು ಕೇಳುತ್ತಾರೆ. ಹಾಗಾಗಿ ಇಷ್ಟು ವರ್ಷ ಟ್ಯೂಬನ್ನು ಬಿಟ್ಟೇ ಕಥೆ ಹೇಳುತ್ತ ಬಂದೆ. ಅದಕ್ಕೆ ಅನ್ಯಾಯವಾಯಿತು.

ಎಂಬತ್ತರ ದಶಕದ ಆರಂಭ. ಖಾನಾಪುರದ ಪೇಟೆಯಲ್ಲಿ ಅಪ್ಪನದು ಕಾಳುಕಡಿಯ ಅಂಗಡಿ, ಅದಕ್ಕೆ ಅಂಟಿಕೊಂಡೇ ಮನೆ. ನಾನು ಪ್ಯಾಸೆಂಜರ್ ರೈಲಿನಲ್ಲಿ ಬೆಳಗಾವಿಯ ಕಾಲೇಜಿಗೆ ಹೋಗಿಬರುತ್ತಿದ್ದೆ. ಮುಂಬಯಿಯಲ್ಲಿ ನೌಕರಿಯಲ್ಲಿದ್ದ ಕಾಕಾ ಒಮ್ಮೆ ರಜೆಗೆ ಬಂದಾಗ ಕೆಟ್ಟುಹೋದ ಟೇಪ್ ರೆಕಾರ್ಡರ್ ಒಂದನ್ನು ನಮ್ಮ ಮನೆಯಲ್ಲಿ ಬಿಟ್ಟುಹೋದರು. ಮುಂಬಯಿಯಲ್ಲಿ ಕೆಟ್ಟ ಸಾಮಾನೆಲ್ಲ ಊರಿನ ನೆಂಟರಿಗೆ ಉಡುಗೊರೆಯಾಗಿ ಬರುವುದು ಆಗಿನ ಪದ್ಧತಿ. ಜೊತೆಗೆ ಎರಡು ಇಂಗ್ಲಿಷ್ ಕ್ಯಾಸೆಟ್ಟುಗಳೂ ಇದ್ದವು. ಮೋಟಾರಿನಿಂದ ಟೇಪಿನ ಚಕ್ರಕ್ಕೆ ಹೋಗುವ ರಬ್ಬರ್ ಬೆಲ್ಟ್ ಹರಿದಿತ್ತು, ಅಷ್ಟೇ. ಬಸ್ ಸ್ಟ್ಯಾಂಡಿನ ಹತ್ತಿರದ ಸೈಕಲ್ ಅಂಗಡಿಯವನು ಹಳೇ ಟ್ಯೂಬಿನಿಂದ ಬಳೆಯಂಥ ತುಂಡೊಂದನ್ನು ಕತ್ತರಿಸಿ ಹಾಕಿಕೊಟ್ಟ. ಮೋಟಾರು ಒಮ್ಮೆ ನರಳಿ ತಿರುಗತೊಡಗಿತು.

ಅಬ್ಬಾ, ಎಂಥ ದನಿ ಬಂತು! ತಳ ಕಾಣದ ಬಾವಿಯೊಳಗಿಂದ ಒಬ್ಬ ಮುದುಕ ಹಾಡುತ್ತಿದ್ದ. ಅವನಿಗೆ ಅವಸರವೆಂಬುದೇ ಇರಲಿಲ್ಲ. ಅವನು ಒಂದು ಸಾಲು ಮುಗಿಸುವುದರೊಳಗೆ ಅಪ್ಪ ಒಬ್ಬ ಗಿರಾಕಿಗೆ ಜೋಳ ಅಳೆದು ಕೊಟ್ಟಿರುತ್ತಿದ್ದರು. ಒಂದು ಶಬ್ದವೂ ನನಗೆ ತಿಳಿಯಲಿಲ್ಲ, ಆದರೆ ದುಃಖ ತಿಳಿಯಿತು. ಎರಡನೆಯ ಆಲ್ಬಮ್ಮಿನಲ್ಲಿ ಹಾಡಿಗಿಂತ ಗಿಟಾರು, ಡ್ರಮ್ಮುಗಳೇ ಹೆಚ್ಚು. ಅವೂ ಹಾಗೇ, ಹಿರಿಯರು ಮೆಟ್ಟಿಲಿಳಿಯುವಂತೆ ಒಂದೊಂದೇ ಪೆಟ್ಟು. ಅಂಗಡಿಯ ಹಿಂದಿನ ಕೋಣೆಯಲ್ಲಿ ಚೀಲಗಳ ಮೇಲೆ ಮಲಗಿ ಅವನ್ನು ಕೇಳಿದ ಆ ವರ್ಷದಷ್ಟು ಸುಖ ನನಗೆ ಮುಂದೆ ಯಾವ ಸಂಗೀತದಿಂದಲೂ ಸಿಗಲಿಲ್ಲ.

ಅವ್ವ ಒಲೆಯ ಮುಂದಿನಿಂದಲೇ ವಿಚಾರಿಸಿದಳು. “ಯಾಕೋ, ಅವಂಗ ಮೈಯಾಗ ಆರಾಮ ಇಲ್ಲೇನು? ಒಂದೀಟು ಕಷಾಯ ಕುಡಿ ಅನ್ನು.”

ಅವಳ ಅಜ್ಞಾನಕ್ಕೆ ನಾನು ಮರುಗಿದೆ.

ಕ್ಯಾಸೆಟ್ಟಿನ ಮೇಲಿನ ಫೋಟೋದಲ್ಲಿ ಉದ್ದ ಕೂದಲಿನ, ಬಿಗಿ ಪ್ಯಾಂಟಿನ, ಕಡ್ಡಿಯಂಥ ಹುಡುಗನೊಬ್ಬನಿದ್ದ. ಅವನು ಕಂಪನಿಯವರು ಅಂದಕ್ಕೆ ನಿಲ್ಲಿಸಿದ ಮಾಡೆಲ್ ಎಂದುಕೊಂಡೆ. ಬೀಡಿ ಕಟ್ಟಿನ ಮೇಲೆ ಬೀಡಿ ಕಟ್ಟುವವರ ಚಿತ್ರ ಇರುತ್ತದೆಯೇ?

ಬೆಳಗಾವಿಯ ಟಿಳಕವಾಡಿಯಲ್ಲಿ ಆಗ ಒಂದು ರಾಕ್ ಮಂಡಳವಿತ್ತು. ವಕೀಲರೊಬ್ಬರ ಮಗ ಅದರ ಅಧ್ಯಕ್ಷ. ಅವನನ್ನು ಆರಿಸಿದವನೂ ಅವನೇ, ಯಾಕೆಂದರೆ ರೆಕಾರ್ಡ್ ಪ್ಲೇಯರ್ ಅವನ ಮನೆಯದು. ಭಾನುವಾರ ಬೆಳಿಗ್ಗೆ ಅವನ ಮಾಳಿಗೆಯ ಮೇಲೆ ಕಾಲೇಜಿನ ಏಳೆಂಟು ಹುಡುಗರು ಕಣ್ಣು ಮುಚ್ಚಿಕೊಂಡು ಕೂರುತ್ತಿದ್ದರು. ಕಣ್ಣು ಮುಚ್ಚುವುದು ಕಡ್ಡಾಯ, ಕಾಲು ಕುಣಿಸುವುದು ನಿಷಿದ್ಧ. ರೆಕಾರ್ಡು ಮುಗಿದ ಮೇಲೆ ಅಧ್ಯಕ್ಷ “ಡೀಪ್ ಅದ” ಅಂದರೆ ಎಲ್ಲರಿಗೂ ಅದು ಡೀಪ್. ಅವನು ಮೂಗು ಮುರಿದರೆ ಮಧ್ಯಾಹ್ನದ ಹೊತ್ತಿಗೆ ಅದನ್ನು ಮೆಚ್ಚಿಕೊಂಡವರು ಯಾರೂ ಉಳಿದಿರುತ್ತಿರಲಿಲ್ಲ. ಖಾನಾಪುರದವನಾದ ನನಗೆ ಚಪ್ಪಲಿ ಬಿಡುವ ಬಾಗಿಲ ಬಳಿ ಜಾಗ. ಅಭಿಪ್ರಾಯ ಕೇಳುವವರಿರಲಿಲ್ಲ.

ಒಂದು ಭಾನುವಾರ ಟೇಪ್ ರೆಕಾರ್ಡರನ್ನು ಜೋಳದ ಚೀಲದಲ್ಲಿ ಸುತ್ತಿ ರೈಲಿನಲ್ಲಿ ಒಯ್ದೆ. ಮುದುಕ ಹಾಡಿದ. ಹಾಡು ಮುಗಿದರೂ ಅಧ್ಯಕ್ಷ ಕಣ್ಣು ತೆರೆಯಲಿಲ್ಲ.

“ಇದು ಎಪ್ಪತ್ತು ದಾಟಿದ ದನಿ ಅದ,” ಅಂದ. “ಹತ್ತಿ ಹೊಲದಾಗ ದುಡಿದಾನ ಇಂವ.”

“ಜೇಲಿಗೂ ಹೋಗಿ ಬಂದಾನ,” ಅಂದ ಇನ್ನೊಬ್ಬ.

“ಹೇಣ್ತಿ ಸತ್ತಾಳ,” ಅಂದ ಮತ್ತೊಬ್ಬ.

ಚಹಾ ಬರುವ ಹೊತ್ತಿಗೆ ಮುದುಕನ ಎರಡೂ ಕಣ್ಣು ಹೋಗಿದ್ದವು. ನನಗಂತೂ ಕುರುಡನೆಂದು ಎಂದೂ ಅನಿಸಿರಲಿಲ್ಲ, ಆದರೆ ಅಷ್ಟರಲ್ಲಿ ನನ್ನನ್ನು ಬಾಗಿಲ ಬಳಿಯಿಂದ ಎಬ್ಬಿಸಿ ಅಧ್ಯಕ್ಷನ ಪಕ್ಕದ ಲೋಡುದಿಂಬಿಗೆ ಒರಗಿಸಿದ್ದರು. ಅಲ್ಲಿಂದ ನೋಡಿದಾಗ ನನಗೂ ಅವನು ಸ್ವಲ್ಪ ಕುರುಡನೇ ಅನಿಸಿದ. ಆಮೇಲೆ ಪ್ರತಿ ಭಾನುವಾರ ಮಂಡಳ ಮುದುಕನಿಂದಲೇ ಶುರುವಾಗುತ್ತಿತ್ತು.

ಕೆಲವು ತಿಂಗಳಾದ ಮೇಲೆ ಪುಣೆಯಿಂದ ಬಂದ ಅಧ್ಯಕ್ಷನ ಸೋದರತ್ತೆಯ ಮಗ ಒಂದು ರೆಕಾರ್ಡು ತಂದ. ಅದೇ ಆಲ್ಬಮ್, ಅದೇ ಕಡ್ಡಿ ಹುಡುಗನ ಫೋಟೋ. ಮುಳ್ಳು ಇಟ್ಟದ್ದೇ ತಡ, ಬಸ್ಸು ತಪ್ಪಿಸಿಕೊಂಡವನ ಹಾಗೆ ಯಾರೋ ಕೀಚಲು ದನಿಯಲ್ಲಿ ಗಡಬಡಿಸಿ ಹಾಡಿದ. ಹಾಡು ಮಾತ್ರ ನಮ್ಮ ಮುದುಕನದೇ. ಎಲ್ಲರೂ ಕಣ್ಣು ತೆರೆದು ಅಧ್ಯಕ್ಷನ ಮುಖ ನೋಡಿದರು.

ಅಧ್ಯಕ್ಷ ಸೋಲುವವನಲ್ಲ. “ಚೋರ!” ಅಂದ. “ಮುದುಕನ ಹಾಡು ಕದ್ದಾನ. ಪಾಪ, ಕುರುಡಗ ಏನ್ ಗೊತ್ತಾಗಬೇಕು?”

ಮಂಡಳ ಆ ಹುಡುಗನನ್ನು ಒಕ್ಕೊರಲಿನಿಂದ ಖಂಡಿಸಿತು. ನಾನೂ ತಲೆಯಾಡಿಸಿದೆ. ಆದರೆ ಆ ಕೀಚಲು ದನಿ ನನಗೆ ನನ್ನ ಯಂತ್ರದ ಮೇಲೇ ಸಂಶಯ ಹುಟ್ಟಿಸಿತ್ತು. ನನಗೆ ಲೋಡು ಹೋದರೆ ಹೋಗಲಿ, ಮುದುಕ ಇದ್ದಾನೆಂದು ಗೊತ್ತಾಗಬೇಕಿತ್ತು. ಮರುದಿನ ಕಾಲೇಜು ಬಿಟ್ಟ ಮೇಲೆ ರೇಡಿಯೋ ರಿಪೇರಿ ಅಂಗಡಿಯಿಂದ ಆ ಯಂತ್ರದ್ದೇ ಬೆಲ್ಟ್ ತಂದೆ. ಹೊಸ ಬೆಲ್ಟಿನಲ್ಲೂ ಅವನೇ ಹಾಡಿದರೆ ಅವನು ನಿಜ. ಟ್ಯೂಬಿನ ತುಂಡು ಚಕ್ರಕ್ಕೆ ಅಂಟಿಕೊಂಡಿತ್ತು, ಬ್ಲೇಡಿನಿಂದ ಕೊಯ್ದು ತೆಗೆದೆ.

ಗುಂಡಿ ಒತ್ತಿದೆ. ಟೇಪಿನ ಚಕ್ರ ಮೊದಲಿಗಿಂತ ಬಿರುಸಾಗಿ ತಿರುಗಿತು. ಕಡ್ಡಿ ಹುಡುಗ ಕುಣಿಯುತ್ತ ಬಂದ. ಇನ್ನೊಂದು ಕ್ಯಾಸೆಟ್ ಹಾಕಿದೆ. ಮೆಟ್ಟಿಲಿಳಿಯುತ್ತಿದ್ದ ಹಿರಿಯರೆಲ್ಲ ಓಡತೊಡಗಿದ್ದರು.

ಒಳಗಿನಿಂದ ಅವ್ವ ಅಂದಳು, “ಅಂತೂ ಆರಾಮಾತು ನೋಡು ಅವಂಗ!”

ನನಗೆ ಊಟ ಸೇರಲಿಲ್ಲ. ಮನೆಯವರೊಬ್ಬರು ಹೇಳದೆ ಕೇಳದೆ ಹೋಗಿಬಿಟ್ಟರೆ ಆಗುವ ಸಂಕಟ ಅದು. ಹಾಗೆಂದು ಯಾರೆದುರು ಹೇಳಲಿ? ಮರುದಿನ ಸೈಕಲ್ ಅಂಗಡಿಗೆ ಓಡಿ ಬೇರೆ ಟ್ಯೂಬಿನ ತುಂಡು ಹಾಕಿಸಿದೆ. ಕುಡಿದ ಪೊಲೀಸನೊಬ್ಬ ಹಾಡಿದ. ಇನ್ನೂ ಸಣ್ಣ ತುಂಡು ಹಾಕಿಸಿದರೆ ನೆಗಡಿಯಾದ ಹೆಂಗಸು. ಮೊದಲಿನ ಟ್ಯೂಬೇ ಬೇಕು ಅಂದೆ.

“ಅದು ಯಾರ ಸೈಕಲ್ಲಿಂದೋ ಏನೋ, ಈಗೆಲ್ಲಿ ಹುಡುಕೂಣು?” ಎಂದು ಅಂಗಡಿಯವನು ನಕ್ಕ.

ನಾನು ಕೊಯ್ದ ತುಂಡುಗಳನ್ನು ಅವ್ವ ಕಸದ ಜೊತೆ ಗುಡಿಸಿ ಹಾಕಿದ್ದಳು. ಈಗಲೂ ಯಾವುದೇ ರಾಕ್ ಆಲ್ಬಮ್ ಕೇಳಿದರೂ, ಎಷ್ಟೇ ದೊಡ್ಡ ಹೆಸರಿನದಾಗಿರಲಿ, ಇವರಿಗೇನು ಇಷ್ಟು ಅವಸರ ಎಂದು ನನಗೆ ಸಿಟ್ಟು ಬರುತ್ತದೆ. ನನ್ನ ರುಚಿ ಅಂದರೆ ಇಷ್ಟೇ.

ಮುಂದಿನ ಭಾನುವಾರ ಬರಿಗೈಯಲ್ಲಿ ಹೋದೆ.

“ಎಲ್ಲಿ, ನಮ್ಮ ಮುದುಕ ಎಲ್ಲಿ?” ಎಂದು ಅಧ್ಯಕ್ಷ ಕೇಳಿದ.

“ತೀರಿಕೊಂಡ,” ಅಂದೆ. ಅದಕ್ಕಿಂತ ನಿಜವಾದ ಮಾತು ನನಗೆ ಹೊಳೆಯಲಿಲ್ಲ.

ಮಂಡಳ ಎದ್ದು ನಿಂತು ಮೌನ ಆಚರಿಸಿತು. ಕಣ್ಣು ಮುಚ್ಚುವುದು ಅವರಿಗೆ ಮೊದಲೇ ರೂಢಿ. ಅವರು ಹತ್ತಿ ಹೊಲದ, ಜೇಲಿನ, ಹೆಂಡತಿ ಸತ್ತ ಕುರುಡನಿಗೆ ನಮಸ್ಕರಿಸುತ್ತಿದ್ದರು. ನಮ್ಮ ಅಂಗಡಿಯ ಹಿಂದಿನ ಕೋಣೆಯಲ್ಲಿ ನನ್ನೊಬ್ಬನಿಗಾಗಿ ಹಾಡಿದವನಿಗೆ ನಮಸ್ಕರಿಸುವವರು ಅಲ್ಲಿ ಯಾರೂ ಇರಲಿಲ್ಲ. ನನಗೆ ತಡೆಯಲಾಗಲಿಲ್ಲ, ಅತ್ತುಬಿಟ್ಟೆ.

ಅಧ್ಯಕ್ಷ ಹತ್ತಿರ ಬಂದು ನನ್ನ ಹೆಗಲ ಮೇಲೆ ಕೈಯಿಟ್ಟ.

“ಅಳಬ್ಯಾಡೋ,” ಅಂದ. “ಮನುಷ್ಯಾ ಹೋದರ ಏನಾತು, ಅವನ ದನಿ ಎಲ್ಲೆ ಹೋಗತದ?”